ಮಾತ್ರೆಯ ಚೀಟಿಯಲ್ಲಿ ತಾರೀಖೂ ಇರಲಿ



“ಮಾತ್ರೆ ತಗೊಂಡ್ರ ಹರಳು ಬೀಳ್ತೈತೇನ್ರೀ?” ಬೇಸಿಗೆ ಬಂತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಲ್ಲೇ ಹೋದರೂ ಔಷಧಿ ಅಂಗಡಿಯ ಮುಂದೆ ಕೇಳಿಬರುವ ಪ್ರಶ್ನೆ ಇದು. ದೊಡ್ಡವರ ವಿಷಯದಲ್ಲಿ ಕೇಳಿ ಕೇಳಿ ನಮಗೆ ರೂಢಿಯಾಗಿಬಿಟ್ಟಿದೆ. ಆದರೆ ಏಳೆಂಟು ವರ್ಷದ ಮಗು ಸೊಂಟ ಹಿಡಿದುಕೊಂಡು ಹೊರಳಾಡುವಾಗ ಅದೇ ಪ್ರಶ್ನೆಯ ತೂಕ ಬೇರೆಯಾಗುತ್ತದೆ. ಮಾತ್ರೆಯಿಂದ ಹರಳು ಬೀಳುತ್ತದೆಯೋ ಇಲ್ಲವೋ ಎಂದು ಮೊದಲೇ ಹೇಳಲು ಆಗುತ್ತದೆಯೇ? ಈ ಬಗ್ಗೆ ನನ್ನ ಅಭಿಪ್ರಾಯವನ್ನು ನಮ್ಮ ಪತ್ರಿಕೆಯ ಮೂಲಕ ಹೇಳಬೇಕೆನಿಸಿತು. ನಾನು ಡಾಕ್ಟರಲ್ಲ, ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಆದರೆ ನಮ್ಮಲ್ಲಿ ಅನೇಕರ ಮನೆಯಲ್ಲಿ ಆಸ್ಪತ್ರೆಯ ಇಂಗ್ಲಿಷ್ ಚೀಟಿ, ಸ್ಕ್ಯಾನಿಂಗ್ ವರದಿ ಓದಿ ಹೇಳುವವರು ನಾವೇ. ಹಾಗಾಗಿ ಈ ಪ್ರಶ್ನೆ ನಮಗೂ ಸೇರಿದ್ದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನೂರು ಮಕ್ಕಳಲ್ಲಿ ಎಷ್ಟು ಮಕ್ಕಳ ಹರಳು ಬೀಳಬಹುದು ಎಂದು ವೈದ್ಯರು ಅಂದಾಜು ಹೇಳಬಲ್ಲರು. ನಮ್ಮ ಮನೆಯ ಈ ಒಂದು ಮಗುವಿಗೆ ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದ್ದರಿಂದ ಮಾತ್ರೆಯ ಹೆಸರಿಗಿಂತ ಮೂರು ಸಂಗತಿಗಳು ದೊಡ್ಡವು: ಹರಳು ಎಷ್ಟು ಮಿಲಿಮೀಟರ್, ಎಲ್ಲಿ ಸಿಕ್ಕಿಕೊಂಡಿದೆ, ಮತ್ತೆ ಯಾವ ತಾರೀಖಿಗೆ ತೋರಿಸಬೇಕು. ಮೂರನೆಯದೇ ಎಲ್ಲಕ್ಕಿಂತ ದೊಡ್ಡದು.

ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ನಾವೆಲ್ಲ ವಿಸರ್ಜನಾಂಗಗಳ ಚಿತ್ರ ಬರೆದು ಅಂಕ ತೆಗೆದುಕೊಂಡವರೇ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಕೊಳವೆಯೇ ಮೂತ್ರನಾಳ. ದೊಡ್ಡವರಲ್ಲಿ ಇದು 25ರಿಂದ 30 ಸೆಂಟಿಮೀಟರ್ ಉದ್ದ, ಒಳಗಿನ ಅಗಲ ಕೆಲವೇ ಮಿಲಿಮೀಟರ್. ಮೂತ್ರ ಅದರಲ್ಲಿ ಸುಮ್ಮನೆ ಸೋರಿ ಇಳಿಯುವುದಿಲ್ಲ. ನಾಳದ ಗೋಡೆಯ ಸ್ನಾಯು ಅಲೆಯಲೆಯಾಗಿ ಸಂಕುಚಿಸುತ್ತ ಅದನ್ನು ಕೆಳಗೆ ದಬ್ಬುತ್ತದೆ. ನಾಳದಲ್ಲಿ ಮೂರು ಕಡೆ ಇಕ್ಕಟ್ಟು ಇದೆ: ಮೂತ್ರಪಿಂಡದಿಂದ ಹೊರಡುವಲ್ಲಿ ಒಂದು, ಸೊಂಟದ ಬಳಿ ದೊಡ್ಡ ರಕ್ತನಾಳವನ್ನು ದಾಟುವಲ್ಲಿ ಇನ್ನೊಂದು, ಮೂತ್ರಕೋಶದ ಒಳಗೆ ಸೇರುವ ಬಾಯಿಯಲ್ಲಿ ಮತ್ತೊಂದು. ಹರಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಈ ಜಾಗಗಳಲ್ಲೇ. ಆಗ ಹಿಂದೆ ನಿಂತ ಮೂತ್ರ ಮೇಲಕ್ಕೆ ಒತ್ತುತ್ತದೆ, ಮೂತ್ರಪಿಂಡ ಉಬ್ಬುತ್ತದೆ, ತಾಳಲಾರದ ನೋವು ಬರುತ್ತದೆ.

ಇಲ್ಲಿಗೆ ವೈದ್ಯರು ಬರೆಯುವ ಔಷಧಿಯ ಹೆಸರು ಸಾಮಾನ್ಯವಾಗಿ ಟ್ಯಾಮ್ಸುಲೋಸಿನ್. ಇದು ಮಕ್ಕಳ ಹರಳಿಗೆಂದು ಹುಟ್ಟಿದ ಔಷಧಿಯಲ್ಲ. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರ ಕಟ್ಟುವ ತೊಂದರೆಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆದ ಔಷಧಿ. ಮೂತ್ರನಾಳದ ಸ್ನಾಯುವಿನಲ್ಲಿ, ಅದರಲ್ಲೂ ಕೆಳಭಾಗದಲ್ಲಿ, ‘ಆಲ್ಫಾ’ ಎಂಬ ಗ್ರಾಹಿಗಳು ಹೆಚ್ಚು. ಈ ಔಷಧಿ ಅವುಗಳನ್ನು ತಡೆದು ಸ್ನಾಯುವಿನ ಬಿಗಿತ ಸಡಿಲಿಸುತ್ತದೆ. ಬಿಗಿತ ಸಡಿಲವಾದರೆ ಹರಳಿಗೆ ದಾರಿ ಸಿಗಬಹುದು ಎಂಬುದು ತರ್ಕ. ಅದು ಹರಳನ್ನು ಕರಗಿಸುವುದಿಲ್ಲ, ಪುಡಿ ಮಾಡುವುದೂ ಇಲ್ಲ. “ಕರಗೂ ಗುಳಿಗಿ” ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಅದು ತಪ್ಪು ತಿಳಿವಳಿಕೆ. ತಲೆಸುತ್ತು, ತಲೆನೋವು, ಎದ್ದು ನಿಂತಾಗ ರಕ್ತದೊತ್ತಡ ಇಳಿಯುವುದು ಇದರ ಅಡ್ಡಪರಿಣಾಮಗಳು. ಹಾಗಾಗಿ ಅಜ್ಜನಿಗೆ ತಂದ ಮಾತ್ರೆಯನ್ನು ಮೊಮ್ಮಗನಿಗೆ ಅರ್ಧ ಮುರಿದು ಕೊಡುವುದು ಖಂಡಿತ ಸಲ್ಲದು. ಮಕ್ಕಳಿಗೆ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ತರ್ಕ ಚೆನ್ನಾಗಿದೆ ಎಂದ ಮಾತ್ರಕ್ಕೆ ಔಷಧಿ ಕೆಲಸ ಮಾಡುತ್ತದೆ ಎನ್ನಲಾಗದು. ಎಣಿಸಿ ನೋಡಬೇಕು. ಈಜಿಪ್ಟಿನಲ್ಲಿ 61 ಮಕ್ಕಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂತ್ರನಾಳದ ಕೆಳಭಾಗದ ಹರಳುಗಳನ್ನು ನೋಡಿದರು. ಟ್ಯಾಮ್ಸುಲೋಸಿನ್ ಪಡೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 88 ಮಂದಿಯ ಹರಳು ಬಿತ್ತು, ಪಡೆಯದವರಲ್ಲಿ ನೂರಕ್ಕೆ ಸುಮಾರು 64. ಟರ್ಕಿಯಲ್ಲಿ 39 ಮಕ್ಕಳಿಗೆ ಇದೇ ಜಾತಿಯ ಡಾಕ್ಸಜೋಸಿನ್ ಎಂಬ ಔಷಧಿ ಕೊಟ್ಟು ನೋಡಿದ 2009ರ ಅಧ್ಯಯನದಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ. ಅಮೆರಿಕದ ಕೆಲವು ಮಕ್ಕಳ ಆಸ್ಪತ್ರೆಗಳ ಹಳೆಯ ದಾಖಲೆಗಳಿಂದ 274 ಮಕ್ಕಳನ್ನು ಹೋಲಿಸಿದ 2014ರ ಅಧ್ಯಯನದಲ್ಲಿ ಟ್ಯಾಮ್ಸುಲೋಸಿನ್ ಪಡೆದವರಲ್ಲಿ ನೂರಕ್ಕೆ 55, ಬರೀ ನೋವಿನ ಔಷಧಿ ಪಡೆದವರಲ್ಲಿ ನೂರಕ್ಕೆ 44 ಮಂದಿಯ ಹರಳು ಬಿತ್ತು.

ದೊಡ್ಡವರಲ್ಲಿ ಇನ್ನೂ ದೊಡ್ಡ ಅಧ್ಯಯನಗಳಾಗಿವೆ. ಬ್ರಿಟನ್ನಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಾಲ್ಕು ವಾರದೊಳಗೆ ಬೇರೆ ಚಿಕಿತ್ಸೆ ಬೇಕಾಗದವರು ಟ್ಯಾಮ್ಸುಲೋಸಿನ್ ಗುಂಪಿನಲ್ಲಿ ನೂರಕ್ಕೆ 81, ಔಷಧಿಯೇ ಇಲ್ಲದ ಹುಸಿ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 80! ಅಂದರೆ ವ್ಯತ್ಯಾಸವೇ ಇಲ್ಲ. ಆದರೆ ಚೀನಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಕೆಳಭಾಗದ ಹರಳುಗಳಿಗೆ ಲಾಭ ಕಂಡಿತು. ಆ ಲಾಭ ಕಂಡದ್ದು 5 ಮಿಲಿಮೀಟರಿಗಿಂತ ದೊಡ್ಡ ಹರಳುಗಳಲ್ಲಿ.

ಇಷ್ಟೊಂದು ಅಂಕಿಗಳನ್ನು ಯಾಕೆ ಹೇಳಿದೆನೆಂದರೆ, ಇವೆಲ್ಲದರಲ್ಲೂ ಸಮಾನವಾದ ಒಂದು ಸಂಗತಿ ಇದೆ. ಮಾತ್ರೆ ತೆಗೆದುಕೊಳ್ಳದವರಲ್ಲೂ ಬಹಳ ಜನರ ಹರಳು ತಾನಾಗಿಯೇ ಬಿದ್ದಿದೆ. ಈಜಿಪ್ಟಿನ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿ. ಮಾತ್ರೆ ನುಂಗಿ ಹರಳು ಬಿದ್ದ 88 ಮಕ್ಕಳು “ಮಾತ್ರೆಯಿಂದಲೇ ಬಿತ್ತು” ಎನ್ನುತ್ತಾರೆ. ಆದರೆ ಅವರಲ್ಲಿ 64 ಮಂದಿಗೆ ಮಾತ್ರೆ ಇಲ್ಲದಿದ್ದರೂ ಬೀಳುತ್ತಿತ್ತು. ಮಾತ್ರೆಯ ಉಪಕಾರ ಆದದ್ದು 24 ಮಂದಿಗೆ. ಉಳಿದ 12 ಮಂದಿಗೆ ಮಾತ್ರೆ ನುಂಗಿದರೂ ಬೀಳಲಿಲ್ಲ. ಅಂದರೆ “ಮಾತ್ರೆಯಿಂದ ಬಿತ್ತು” ಎನ್ನುವ ನಾಲ್ವರಲ್ಲಿ ಸುಮಾರು ಮೂವರು ಮಾತ್ರೆಗೆ ಋಣಿಯಾಗಬೇಕಿಲ್ಲ. ಆ 24ರಲ್ಲಿ ನಮ್ಮ ಮಗು ಇದೆಯೋ, 64ರಲ್ಲಿದೆಯೋ, 12ರಲ್ಲಿದೆಯೋ? ಮಗುವಿನ ಮುಖ ನೋಡಿ ಯಾರೂ ಹೇಳಲಾರರು.

ಕಾಡುಬಸಳೆ, ಬಾಳೆದಿಂಡಿನ ರಸ, ಹುರುಳಿ ಕಟ್ಟು, ಇವುಗಳಿಗೆ ಸಿಗುವ ಹೆಸರಿನ ಗುಟ್ಟೂ ಇದೇ. ಹರಳು ಹೇಗೂ ಬೀಳುವ ದಿನ ಯಾರು ಏನು ತಿಂದಿದ್ದರೋ ಅದಕ್ಕೆ ಕೀರ್ತಿ. ಬೀಳದವರ ಕತೆಯನ್ನು ಯಾರೂ ಓಣಿಯಲ್ಲಿ ಹೇಳುತ್ತ ತಿರುಗುವುದಿಲ್ಲ. ನಾನು ಹಿರಿಯರನ್ನು ಹೀಗಳೆಯುತ್ತಿಲ್ಲ. ಅವರ ಮೇಲೆ ಹಾಕುವ ಅಳತೆಗೋಲನ್ನೇ ಅಂಗಡಿಯ ಮಾತ್ರೆಯ ಮೇಲೂ ಹಾಕಬೇಕು ಎನ್ನುತ್ತಿದ್ದೇನೆ, ಅಷ್ಟೆ.

ಈ ಅಳತೆಗೋಲು ನಮಗೆ ಪರಕೀಯವೂ ಅಲ್ಲ. ಸಾವಿರ ವರ್ಷಗಳ ಹಿಂದೆ ಬಾಗ್ದಾದ್ ಮತ್ತು ರೇ ನಗರಗಳಲ್ಲಿ ವೈದ್ಯರಾಗಿದ್ದ ಅಬೂ ಬಕ್ರ್ ಅಲ್ ರಾಝಿ ಅವರು ಮೂತ್ರಪಿಂಡ ಮತ್ತು ಮೂತ್ರಕೋಶದ ಹರಳುಗಳ ಬಗ್ಗೆಯೇ ಪ್ರತ್ಯೇಕ ಗ್ರಂಥ ಬರೆದರು. ಅವರ ಇನ್ನೊಂದು ಕೆಲಸ ನನಗೆ ಇನ್ನೂ ದೊಡ್ಡದೆನಿಸುತ್ತದೆ. ಮೆದುಳಿನ ಪೊರೆಯ ಉರಿಯೂತಕ್ಕೆ ರಕ್ತ ತೆಗೆಯುವ ಚಿಕಿತ್ಸೆ ನಿಜವಾಗಿ ಉಪಯೋಗವೇ ಎಂದು ತಿಳಿಯಲು ಒಂದು ಗುಂಪಿಗೆ ಆ ಚಿಕಿತ್ಸೆ ಕೊಟ್ಟು, ಇನ್ನೊಂದು ಗುಂಪಿಗೆ ಬೇಕೆಂದೇ ಕೊಡದೆ ಬಿಟ್ಟು ಹೋಲಿಸಿದ್ದನ್ನು ಅವರು ತಮ್ಮ ‘ಅಲ್ ಹಾವಿ’ಯಲ್ಲಿ ಬರೆದಿಟ್ಟಿದ್ದಾರೆ. ಅವರ ಉತ್ತರ ಇಂದು ನಿಲ್ಲುವುದಿಲ್ಲ, ಆದರೆ ಪ್ರಶ್ನೆ ಕೇಳಿದ ರೀತಿ ನಿಂತಿದೆ: ಕೊಡದಿದ್ದರೆ ಏನಾಗುತ್ತಿತ್ತು? ಆ ಬೃಹತ್ ಗ್ರಂಥದ ಅರಬ್ಬಿ ಪಠ್ಯವನ್ನು ಕಳೆದ ಶತಮಾನದಲ್ಲಿ ಅಚ್ಚು ಹಾಕಿಸಿದ್ದು ನಮ್ಮ ನೆರೆಯ ಹೈದರಾಬಾದಿನ ದಾಯಿರತುಲ್ ಮಆರಿಫ್ ಸಂಸ್ಥೆ. ನಾವು ಅವರ ಹೆಸರು ಹೇಳಿ ಹೆಮ್ಮೆಪಟ್ಟರೆ ಸಾಲದು, ಅವರು ಕೇಳಿದ ಪ್ರಶ್ನೆಯನ್ನೂ ಕೇಳಬೇಕು.

ಹಾಗಾದರೆ ಮುಂಚಿತವಾಗಿ ಏನನ್ನೂ ಹೇಳಲಾಗದೇ? ಆಗುತ್ತದೆ. ಮೊದಲನೆಯದು ಗಾತ್ರ. ಸಣ್ಣ ಹರಳು ತಾನಾಗಿ ಬೀಳುವ ಸಂಭವ ಹೆಚ್ಚು. ಗಾತ್ರ ಬೆಳೆದಂತೆ ಸಂಭವ ಇಳಿಯುತ್ತದೆ, 10 ಮಿಲಿಮೀಟರ್ ದಾಟಿದರೆ ಬಹಳ ಕಡಿಮೆ. ಎರಡನೆಯದು ಜಾಗ. ಮೂತ್ರಕೋಶದ ಹತ್ತಿರ ಇಳಿದ ಹರಳು ಹೊರಬೀಳುವ ಸಂಭವ, ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಹರಳಿಗಿಂತ ಹೆಚ್ಚು. ಅಂದರೆ ತೀರ ಸಣ್ಣದಕ್ಕೆ ಮಾತ್ರೆಯ ಅಗತ್ಯ ಕಡಿಮೆ, ತೀರ ದೊಡ್ಡದಕ್ಕೆ ಮಾತ್ರೆಯಿಂದ ಪ್ರಯೋಜನ ಕಡಿಮೆ. ಮಾತ್ರೆಯಿಂದ ಲಾಭ ಆಗುವುದಾದರೆ ಈ ನಡುವಿನ ಅಳತೆಯ, ಕೆಳಭಾಗದ ಹರಳುಗಳಲ್ಲಿ ಎಂದು ತೋರುತ್ತದೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ 2016ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದೇ ಧಾಟಿಯಲ್ಲಿದೆ: ಬೇರೆ ತೊಡಕಿಲ್ಲದ, 10 ಮಿಲಿಮೀಟರಿನವರೆಗಿನ ಹರಳಿರುವ ಮಕ್ಕಳನ್ನು ಈ ಔಷಧಿ ಕೊಟ್ಟಾಗಲಿ ಕೊಡದೆಯಾಗಲಿ ಕಾದು ನೋಡಬಹುದು. ಕೊಟ್ಟರೂ ಸರಿ, ಕೊಡದಿದ್ದರೂ ಸರಿ. ಆದರೆ ‘ನೋಡುವುದು’ ಮಾತ್ರ ಎರಡರಲ್ಲೂ ಇದೆ.

ಈಗ ಕಂಪ್ಯೂಟರಿಗೆ ನೂರಾರು ರೋಗಿಗಳ ವಿವರ ಕೊಟ್ಟು, ಯಾರ ಹರಳು ಮಾತ್ರೆಗೆ ಬೀಳುತ್ತದೆ ಎಂದು ಮೊದಲೇ ಹೇಳಿಸುವ ಪ್ರಯತ್ನಗಳೂ ನಡೆದಿವೆ. ಒಳ್ಳೆಯದೇ. ಆದರೆ ಅಂಥ ಲೆಕ್ಕಕ್ಕೆ ಬೇಕಾಗುವ ಹರಳಿನ ಸಾಂದ್ರತೆಯಂಥ ವಿವರಗಳಿಗೆ ಸಿ.ಟಿ. ಸ್ಕ್ಯಾನ್ ಬೇಕು. ಅದರ ವಿಕಿರಣದ ಕಾರಣಕ್ಕೆ ಮಕ್ಕಳಿಗೆ ಮೊದಲು ಅಲ್ಟ್ರಾಸೌಂಡ್ ಮಾಡಿಸುವುದೇ ಪದ್ಧತಿ. ಬೇರೆ ದೇಶದ ಮಕ್ಕಳ ಮೇಲೆ ಕಟ್ಟಿದ ಲೆಕ್ಕ ನಮ್ಮ ಬಿಸಿಲಿನ, ನಮ್ಮ ಊಟದ ಮಕ್ಕಳಿಗೆ ಹೊಂದುತ್ತದೆಯೇ ಎಂದು ಇಲ್ಲಿಯೇ ಪರೀಕ್ಷಿಸಬೇಕು. ಅಲ್ಲದೆ ನೂರಕ್ಕೆ 70 ಎಂದು ಕಂಪ್ಯೂಟರ್ ಹೇಳಿದರೂ ಉಳಿದ 30 ಮಕ್ಕಳು ಇದ್ದೇ ಇರುತ್ತಾರೆ.

ಆ 30 ಮಕ್ಕಳ ಗತಿ ಏನು ಎಂಬುದೇ ನನ್ನ ಚಿಂತೆ. ಕಳೆದ ಬೇಸಿಗೆಯಲ್ಲಿ ಇಳಕಲ್ಲಿನಲ್ಲಿರುವ ನನ್ನ ಖಾಲಾರ ಮಗನಿಗೆ, ಎಂಟು ವರ್ಷದವನಿಗೆ, ಎಡಗಡೆ ಕೆಳಭಾಗದಲ್ಲಿ 6 ಮಿಲಿಮೀಟರಿನ ಹರಳು ಕಂಡಿತು. ವೈದ್ಯರು ಮಾತ್ರೆ ಬರೆದು, ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನಿಂಗಿಗೆ ಬನ್ನಿ ಎಂದು ತಾರೀಖು ಹಾಕಿಕೊಟ್ಟರು. ಐದನೆಯ ದಿನ ನೋವು ನಿಂತಿತು. ಹುಡುಗ ಗೋಲಿ ಆಡಲು ಓಡಿದ. “ಹೋತ್ ಬಿಡ್ರಿ, ಹರಳ ಬಿದ್ದಂಗ ಆತು” ಎಂದರು ನೆರೆಯವರು. ಖಾಲು ಕೈಮಗ್ಗದ ನೇಕಾರರು. ಬಾಗಲಕೋಟೆಗೆ ಹೋಗಿ ಬರುವುದೆಂದರೆ ಒಂದು ದಿನ ಮಗ್ಗ ನಿಲ್ಲಬೇಕು, ಬಸ್ಸಿನ ಖರ್ಚು, ಸ್ಕ್ಯಾನಿಂಗಿನ ಖರ್ಚು ಬೇರೆ. ನೋವೇ ಇಲ್ಲದ ಮಗುವನ್ನು ಯಾಕೆ ಕರೆದೊಯ್ಯಬೇಕು ಎಂಬ ಮಾತು ಮನೆಯಲ್ಲಿ ಎದ್ದಿತು. ಚೀಟಿಯಲ್ಲಿ ತಾರೀಖು ಇದ್ದುದರಿಂದಲೇ ಖಾಲಾ ಹಟ ಹಿಡಿದರು. ಹೋಗಿ ನೋಡಿದರೆ ಹರಳು ಮೂತ್ರಕೋಶದ ಬಾಯಿಯಲ್ಲೇ ಕೂತಿತ್ತು, ಮೂತ್ರಪಿಂಡ ಸ್ವಲ್ಪ ಉಬ್ಬಿತ್ತು. ಮತ್ತೊಂದು ತಾರೀಖು ಕೊಟ್ಟರು, ಅಷ್ಟರಲ್ಲಿ ಬೀಳದಿದ್ದರೆ ದುರ್ಬೀನಿನಿಂದ ತೆಗೆಯೋಣ ಎಂದರು. ಇಪ್ಪತ್ತನೆಯ ದಿನ ಚಹಾ ಸೋಸುವ ಜಾಲರಿಯಲ್ಲಿ ಹರಳು ಸಿಕ್ಕಿತು. ಮಾತ್ರೆಯಿಂದ ಬಿತ್ತೋ, ತಾನೇ ಬಿತ್ತೋ ಎಂದು ನಾನು ಕೇಳಿದಾಗ ವೈದ್ಯರು ನಕ್ಕು, “ಅದು ನನಗೂ ಗೊತ್ತಾಗೂದಿಲ್ಲವಾ, ಬಿದ್ದದ್ದಂತೂ ಗೊತ್ತಾತು” ಎಂದರು. ಅವರ ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

ನೋವು ನಿಂತಿತು ಎಂದರೆ ಹರಳು ಹೋಯಿತು ಎಂದಲ್ಲ. ಇದನ್ನು ದಯವಿಟ್ಟು ಎಲ್ಲರೂ ಮನೆಯಲ್ಲಿ ಹೇಳಿ. ಹರಳು ಅಲ್ಲೇ ಕೂತಿದ್ದರೂ ನೋವು ಕಡಿಮೆಯಾಗಬಹುದು. ಹಿಂದೆ ಮೂತ್ರ ಕಟ್ಟಿಕೊಂಡು ಮೂತ್ರಪಿಂಡ ಸದ್ದಿಲ್ಲದೆ ಕೆಡಬಹುದು. ಹರಳನ್ನು ಕಣ್ಣಾರೆ ಕಂಡಾಗ ಅಥವಾ ಸ್ಕ್ಯಾನಿಂಗಿನಲ್ಲಿ ಇಲ್ಲವೆಂದು ಖಚಿತವಾದಾಗ ಮಾತ್ರ ಹೋಯಿತು ಎನ್ನಬೇಕು. ದೊಡ್ಡವರಲ್ಲೂ ಹೀಗೆ ಕಾಯುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ಮಿತಿ ಇದೆ. ಮಕ್ಕಳಿಗೆ ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಲಿ, ನಾವು ಅದನ್ನು ಬರೆಸಿಕೊಳ್ಳೋಣ.

ಕೆಲವೊಮ್ಮೆ ತಾರೀಖಿನವರೆಗೂ ಕಾಯಬಾರದು. ಹರಳಿರುವ ಮಗುವಿಗೆ ಚಳಿ ಜ್ವರ ಬಂದರೆ, ಮೂತ್ರ ಬರುವುದು ನಿಂತರೆ, ವಾಂತಿ ನಿಲ್ಲದಿದ್ದರೆ, ಔಷಧಿಗೂ ನೋವು ಬಗ್ಗದಿದ್ದರೆ, ಅಥವಾ ಮಗುವಿಗೆ ಇರುವುದು ಒಂದೇ ಮೂತ್ರಪಿಂಡವಾದರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಕಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಜೀವಕ್ಕೇ ಅಪಾಯ. ಅಲ್ಲಿ ಮಾತ್ರೆಯ ಮಾತೇ ಬರುವುದಿಲ್ಲ.

ಖರ್ಚಿನ ಭಯವೂ ಸಣ್ಣದಲ್ಲ. 2018ರಿಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಮೊದಲು ಸರಕಾರಿ ಆಸ್ಪತ್ರೆಗೆ ತೋರಿಸಿ, ನಮ್ಮ ಮಗುವಿಗೆ ಏನೇನು ಸಿಗುತ್ತದೆ ಎಂದು ಅಲ್ಲಿಯೇ ಕೇಳಬೇಕು. ಕಾರ್ಡು ಮಾಡಿಸಿಡುವ ಕೆಲಸವನ್ನು ನೋವು ಬಂದ ರಾತ್ರಿಗೆ ಬಿಡಬಾರದು. ಮೊಬೈಲಿನಲ್ಲಿ ಎಲ್ಲವನ್ನೂ ಹುಡುಕುವ ನಾವು ಇಷ್ಟನ್ನು ಮಾಡಿಕೊಡಬಹುದಲ್ಲವೇ?

ಹರಳು ಬಿದ್ದ ಮೇಲೆ ಕೆಲಸ ಮುಗಿಯಿತು ಎಂದುಕೊಳ್ಳಬಾರದು. ಬಿದ್ದ ಹರಳನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿ ವೈದ್ಯರಿಗೆ ಕೊಡಬೇಕು. ಅದು ಯಾವುದರಿಂದ ಆಗಿದೆ ಎಂದು ಪರೀಕ್ಷಿಸಬಹುದು. ಮಕ್ಕಳಲ್ಲಿ ಹರಳಾದರೆ ಕಾರಣ ಹುಡುಕಲೇಬೇಕು ಎನ್ನುತ್ತಾರೆ ತಜ್ಞರು, ಏಕೆಂದರೆ ಅದು ಮರಳಿ ಬರುವ ಸಂಭವ ಇದೆ. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿರಬಹುದು, ಸಿಟ್ರೇಟ್ ಕಡಿಮೆ ಇರಬಹುದು. ಅಪರೂಪಕ್ಕೆ ತಂದೆ ತಾಯಿ ಇಬ್ಬರಿಂದಲೂ ಬರುವ ಆನುವಂಶಿಕ ದೋಷಗಳೂ ಇರುತ್ತವೆ. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇವುಗಳ ಸಾಧ್ಯತೆ ಹೆಚ್ಚು. ಸೋದರಿಕೆಯ ಮದುವೆಗಳು ನಮ್ಮ ಭಾಗದ ಹಲವು ಸಮುದಾಯಗಳಲ್ಲಿ ಇರುವುದರಿಂದ ವೈದ್ಯರು ಕೇಳಿದಾಗ ಮುಚ್ಚಿಡದೆ ಹೇಳಬೇಕು. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಇನ್ನು ನೀರು. ಬೆವರಿ ಬೆವರಿ ಕಡಿಮೆ ನೀರು ಕುಡಿದರೆ ಮೂತ್ರ ಗಟ್ಟಿಯಾಗುತ್ತದೆ, ಹರಳು ಕಟ್ಟಲು ಅದೇ ಸಾಕು. ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ಸಂಜೆವರೆಗೆ ನೀರು ಮುಟ್ಟದ ಹುಡುಗಿಯರು ಎಷ್ಟೋ ಶಾಲೆಗಳಲ್ಲಿದ್ದಾರೆ. ಕೇರಳದ ಶಾಲೆಗಳಲ್ಲಿ 2019ರಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸತೊಡಗಿದರು. ನಮ್ಮಲ್ಲೂ ಅಂಥ ಗಂಟೆ ಬೇಕು, ಅದರ ಜೊತೆ ಚೊಕ್ಕ ಶೌಚಾಲಯವೂ ಬೇಕು. ಹರಳಿನ ತೊಂದರೆ ಇರುವವರು ರಮಝಾನಿನಲ್ಲಿ ರೋಜಾ ಹಿಡಿಯುವ ಮುನ್ನ ವೈದ್ಯರನ್ನು ಒಂದು ಮಾತು ಕೇಳಲಿ.

ದವಾ ಜೊತೆಗೆ ದುವಾ ಬೇಕು ಎನ್ನುತ್ತಾರೆ ನಮ್ಮ ಮನೆಯ ಹಿರಿಯರು. ನಾನು ಇನ್ನೊಂದನ್ನು ಸೇರಿಸುತ್ತೇನೆ: ತಾರೀಖೂ ಬೇಕು. ಯಾರ ಮನೆಯಲ್ಲಾದರೂ ಮಗುವಿಗೆ ಹರಳಿನ ಮಾತ್ರೆ ಬರೆದುಕೊಟ್ಟರೆ ಚೀಟಿಯನ್ನು ನೀವೇ ಕೈಗೆ ತೆಗೆದುಕೊಳ್ಳಿ. ಎಷ್ಟು ಮಿಲಿಮೀಟರ್, ಎಲ್ಲಿದೆ, ಮತ್ತೆ ಯಾವಾಗ ಬರಬೇಕು ಎಂದು ಕೇಳಿ, ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಅಮ್ಮಿಗೆ ಓದಿ ಹೇಳಿ, ಆ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಆ ದಿನ ಮಗುವನ್ನು ಮರಳಿ ಕರೆದೊಯ್ಯುವುದು ನಮ್ಮ ಕೈಯಲ್ಲಿದೆ.